ನಾಯಿ ಕೂದಲಿಗಿ ಸಾಲ್ಮನ್ ಎಣ್ಣಿ: ಎಣ್ಣಿ ಚಲೋ ಅದ, ಬಾಟ್ಲಿ ಕಲಬುರಗಿ ಬಿಸಲಿಗಿ ಆಗಿಬರಂಗಿಲ್ಲ

ಸ್ಟಾರ್ ಕೊಡೋದಾದ್ರ 5ರಾಗ 3. ಇದು ಸಾಲ್ಮನ್ ಅನ್ನೋ ಮೀನಿನ ಎಣ್ಣಿ, ಕೂದಲಿಗಿ ಹಚ್ಚೋದಲ್ಲ, ನಾಯಿ ಊಟದಾಗ ಹಾಕೋದು; ಅರ್ಧಾ ಬಾಟ್ಲಿ ದಾಟೋ ತನಕ ಹಾಕಿ ನೋಡೇ ಬರೀಲತ್ತೀನಿ. ಕಂಪನಿ ಹೆಸರು ಹಾಕಂಗಿಲ್ಲ, ಯಾಕಂದ್ರ ನಂದು ತಕರಾರು ಒಂದೇ ಕಂಪನಿ ಮ್ಯಾಲ ಇಲ್ಲ, ಇಂಥ ಪಂಪ್ ಬಾಟ್ಲಿ ಮ್ಯಾಲ ಅದ. ಆನ್‌ಲೈನ್‌ದಾಗ ನೋಡಿರ್ತೀರಿ, ಮ್ಯಾಲ ಫಳಫಳ ಅನ್ನೋ ಗೋಲ್ಡನ್ ರಿಟ್ರೀವರ್ ಫೋಟೋ ಇರ್ತದಲ್ಲ, ಅದೇ.

ನಮ್ಮ ನಾಯಿ ರಾಜಾ ಕರೀ ಲ್ಯಾಬ್ರಡಾರ್ ಕ್ರಾಸ್, 28 ಕಿಲೋ ಅದಾನ. ಹಸಿ ಖಂಡಾನೇ ತಿಂತಾನ, ಜಾಸ್ತಿ ಚಿಕನ್, ನಡುನಡುವ ಮಟನ್, ಎಲುಬು ಹತ್ತರಾಗ ಒಂದು ಪಾಲು, ಕಲೇಜಿ (ಲಿವರ್) ಇಪ್ಪತ್ತರಾಗ ಒಂದು ಪಾಲು, ಗುರ್ದಾನೂ (ಕಿಡ್ನಿ) ಅಷ್ಟೇ. ಲೆಕ್ಕ ಎಲ್ಲಾ ಬರೋಬ್ಬರಿ ಇದ್ರೂ ಬ್ಯಾಸಗಿ ಹತ್ತೋದ್ರಾಗ ಕೂದಲ ಕಳಾ ಹೋಗಿಬಿಟ್ಟಿತ್ತು. ಬಾಲದ ಬುಡದಾಗ ಕೂದಲ ಬಿಡಿಸಿ ನೋಡಿದ್ರ ಬಿಳೀ ಹೊಟ್ಟು, ಬೆನ್ನ ಮ್ಯಾಲ ಕೈ ಆಡಿಸಿದ್ರ ಅಂಗೈ ತುಂಬ ಕೂದಲ ಸಂಗಟ ಅದೂ ಹತ್ಕೊಂಡು ಬರ್ತಿತ್ತು. ಡಾಕ್ಟರ್ ಮೊದ್ಲ ಉಣ್ಣಿ ಅದಾವೇನು, ಫಂಗಸ್ ಏನಾರ ಆಗ್ಯಾದೇನು ಅಂತ ನೋಡಿದ್ರು. ನೀವೂ ಎಣ್ಣಿ ಖರೀದಿ ಮಾಡೋಕಿಂತ ಮೊದ್ಲ ಇದು ನೋಡಿಸ್ರಿ, ಉಣ್ಣಿ ಇಟ್ಕೊಂಡು ಎಣ್ಣಿ ಹಾಕಿದ್ರ ರೊಕ್ಕ ದಂಡ.

ಡಾಕ್ಟರ್ ಹೇಳಿದ್ದು ಹಿಂಗ ಅದ. ಒಮೆಗಾ 3, ಒಮೆಗಾ 6 ಅಂದ್ರ ಮೈಗಿ ಬೇಕಾಗೋ ಎರಡು ನಮೂನಿ ಕೊಬ್ಬು. ಕಾಳು ತಿಂದು ಬೆಳದ ಫಾರ್ಮ್ ಕೋಳಿಯಾಗ ಒಮೆಗಾ 6 ಭರ್ತಿ ಇರ್ತದ, ಒಮೆಗಾ 3 ಇದ್ದೂ ಇಲ್ಲದಂಗ. ಬರೇ ಚಿಕನ್ ಮ್ಯಾಲ ಇರೋ ನಾಯಿಗಿ ಬೇಕಾಗೋದು ಮೀನಿನಾಗ ಇರೋ ಇಪಿಎ, ಡಿಎಚ್‌ಎ ಅನ್ನೋ ಒಮೆಗಾ 3. ನಮ್ಮ ಅವ್ವ ಅಂತೂ "ಮನ್ಯಾಗ ಅಗಸಿ ಹಿಂಡಿ ಡಬ್ಬಿ ತುಂಬ ಅದ, ಅಗಸಿ ಎಣ್ಣಿ ಹಾಕೋ, ಅಷ್ಟು ರೊಕ್ಕ ಯಾಕ ಸುರೀತಿ" ಅಂತ ಒಂದೇ ಸವನ ಗಂಟು ಬಿದ್ದಿದ್ಲು. ಅಗಸಿಯಾಗೂ ಒಮೆಗಾ 3 ಅದ ಖರೆ, ಆದ್ರ ಬ್ಯಾರೆ ನಮೂನಿದು, ನಾಯಿ ಮೈಯಾಗ ಅದು ಇಪಿಎ ಆಗಿ ಬದಲಾಗೋದು ಭಾಳ ಕಮ್ಮಿ. ಕುಸುಬಿ ಎಣ್ಣಿದು ಇನ್ನೊಂದು ಕತಿ, ಅದು ಒಮೆಗಾ 6, ಕೊಬ್ಬಿಲ್ಲದ ಮಟನ್ನೇ ತಿನ್ನೋ ನಾಯಿಗಿ ಒಂದು ಚಮಚಾ ಹಾಕಿದ್ರ ಹೊಳಪು ಬರ್ತದ, ಚಿಕನ್ ತಿನ್ನೋ ನಾಯಿಗಿ ಬೇಕಾಗಿಲ್ಲ.

ಹಂಗಾಗಿ ಬಾಟ್ಲಿ ತರಿಸಿದ್ದು. ಗುಣ ಬಂತಾ ಅಂದ್ರ ಬಂತು. ಮೊದ್ಲ ಹೊಟ್ಟು ಕಮ್ಮಿ ಆತು, ಕೂದಲ ಹೊಳಪು ಬರ್ಲಕ ಎರಡು ತಿಂಗಳ ಹತ್ತರ ಹತ್ತರ ಹಿಡೀತು, ಹೊಸಾ ಕೂದಲ ಹುಟ್ಟಿ ಬರ್ಬೇಕಲ್ಲ. ಎರಡು ವಾರದಾಗ ಫರಕ್ ಕಾಣ್ತದ ಅಂತ ಬಾಟ್ಲಿ ಮ್ಯಾಲ ಬರದದ್ದು ನಂಬಬ್ಯಾಡ್ರಿ.

ಈಗ ತಕರಾರು. ಲೇಬಲ್ ಮ್ಯಾಲ "ಒಮೆಗಾ 3-6-9" ಅಂತ ಮೂರೂ ಕೂಡ್ಸಿ ಒಂದು ದೊಡ್ಡ ನಂಬರ್ ಹಾಕ್ಯಾರ, ಇಪಿಎ ಎಷ್ಟು ಡಿಎಚ್‌ಎ ಎಷ್ಟು ಅಂತ ಎಲ್ಲೂ ಇಲ್ಲ. ಅದೇ ಗೊತ್ತಾಗ್ಲಿಲ್ಲಂದ್ರ ಡೋಸ್ ಹೆಂಗ ಹಿಡೀಬೇಕು? ಎರಡ್ನೇದು ಪಂಪ್. ಒತ್ತಿದ ಮ್ಯಾಲ ಮೂತಿಯಿಂದ ಒಂದು ಹನಿ ಇಳಿದು ಬಾಟ್ಲಿ ಗುಂಟ ಕೆಳಗ ಬರ್ತದ, ನಮ್ಮ ಶಹಾಬಾದ್ ಫರ್ಸಿ ಮ್ಯಾಲ ದುಂಡಗ ಎಣ್ಣಿ ಕಲೆ ಕುಂತದ, ಸೋಡಾ ಹಾಕಿ ತಿಕ್ಕಿದ್ರೂ ಹೋಗವಲ್ದು, ಮ್ಯಾಲ ಇರಿವಿ ಸಾಲು.

ಎಲ್ಲಾಕಿಂತ ದೊಡ್ಡದು ನಮ್ಮ ಬಿಸಲು. ಮೀನಿನ ಎಣ್ಣಿಗಿ ಗಾಳಿ, ಬೆಳಕು, ಶಕಿ ಮೂರೂ ಆಗಂಗಿಲ್ಲ, ಲಗೂನ ಕೆಡ್ತದ. ಮೇ ತಿಂಗಳದಾಗ 43 ಡಿಗ್ರಿ ಬಿಸಲಾಗ ಪಾರ್ಸಲ್ ಗಾಡ್ಯಾಗ ಕುದ್ದು ಕುದ್ದು ಬಂದ ಬಾಟ್ಲಿ, ಅದೂ ಪಾರದರ್ಶಕ ಪ್ಲಾಸ್ಟಿಕ್! ಒಡದ ಮ್ಯಾಲ ಫ್ರಿಜ್‌ನಾಗ ಇಡ್ಬೇಕು, ಅವ್ವನ ಫ್ರಿಜ್‌ನಾಗ ಮೀನಿನ ಎಣ್ಣಿ ಅಂದ್ರ ಮನ್ಯಾಗ ಮಹಾಭಾರತ. ಖಂಡ ಇಡೋ ಹಳೇ ಫ್ರಿಜ್ ಮ್ಯಾಲಿನ ಮಹಡ್ಯಾಗ ಅದ, ಅಲ್ಲೇ ಇಟ್ಟೆ, ಮಧ್ಯಾಹ್ನ ಕರೆಂಟ್ ಹೋದ್ರ ಅದೂ ಒಲಿ ಇದ್ದಂಗ. ಅರ್ಧಾ ಬಾಟ್ಲಿ ದಾಟಿದ ಮ್ಯಾಲ ವಾಸನಿ ಮೀನಿಂದು ಉಳೀಲಿಲ್ಲ, ಹಳೀ ವಾರ್ನಿಷ್ ವಾಸನಿ. ರಾಜಾ ಬಟ್ಟಲ ಮೂಸಿ ಹಿಂದಕ್ಕ ಸರದು ನನ್ನ ಮಾರಿ ನೋಡ್ದ. ಕೆಟ್ಟ ಎಣ್ಣಿ ಕೊಟ್ರ ಮೈಯಾಗಿನ 'ಇ' ವಿಟಮಿನ್ ಸುದ್ದಾ ಖರ್ಚಾಗ್ತದ, ಉಲ್ಟಾ ನುಕ್ಸಾನ. ಉಳದದ್ದು ಚೆಲ್ಲಿದೆ.

ಈಗ ಮೆಡಿಕಲ್ ಅಂಗಡ್ಯಾಗ ಮನಷ್ಯಾರಿಗಿ ಕೊಡೋ ಫಿಶ್ ಆಯಿಲ್ ಕ್ಯಾಪ್ಸೂಲ್ ಹಾಕ್ಲತ್ತೀನಿ. 1000 ಎಂಜಿದು ತಗೊಂಡ್ರ ಹೆಚ್ಚಾಗಿ ಇಪಿಎ 180, ಡಿಎಚ್‌ಎ 120 ಅಂತ ಚೊಕ್ಕ ಬರದಿರ್ತಾರ. ಒಂದೊಂದೂ ತನ್ನ ಪಾಡಿಗಿ ಮುಚ್ಚಿರ್ತದ, ಗಾಳಿ ಆಡಂಗಿಲ್ಲ, ಪಿನ್ನಿಂದ ಚುಚ್ಚಿ ಖೀಮಾ ಮ್ಯಾಲ ಹಿಂಡಿಬಿಡೋದು. ಒಂದರಿಂದ ಶುರು ಮಾಡಿ ಸಾವಕಾಶ ಏರಿಸ್ರಿ, ಒಮ್ಮೆಲೇ ಜಾಸ್ತಿ ಆದ್ರ ಹೊಟ್ಟಿ ತೆಳ್ಳಗ ಹೋಗ್ತದ. ಎಷ್ಟು ತನಕ ಅನ್ನೋದು ತೂಕ ನೋಡಿ ಡಾಕ್ಟರ್ ಹೇಳ್ಲಿ. ಅಂಗಡ್ಯಾಗ ಕಾಡ್ ಲಿವರ್ ಆಯಿಲ್ ಕೊಟ್ರ ವಾಪಸ್ ಕೊಡ್ರಿ, ಅದರಾಗ ವಿಟಮಿನ್ ಎ, ಡಿ ಇರ್ತಾವ, ಕಲೇಜಿ ತಿನ್ನೋ ನಾಯಿಗಿ ಮೊದ್ಲೇ ಎ ಸಾಕಷ್ಟು ಹೋಗಿರ್ತದ.

ಇನ್ನ ಹಸಿ ಖಂಡಕ್ಕ ನಮ್ಮ ಡಾಕ್ಟರ್ ಈಗೂ ಹೂಂ ಅಂದಿಲ್ಲ, ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾದ ಅಂಜಿಕಿ ಅದ, ಫ್ರೀಜರ್‌ನಾಗ ಇಟ್ರೂ ಅದು ಸಾಯಂಗಿಲ್ಲ. ಕುರಿ ಕಲೇಜಿ, ಫೇಫಡಾದಾಗ (ಶ್ವಾಸಕೋಶ) ನೀರಿನ ಗುಳ್ಳಿ ಕಂಡ್ರ ನಾಯಿಗಿ ಹಾಕಲೇಬ್ಯಾಡ್ರಿ, ಅದು ಹುಳದ ಗುಳ್ಳಿ, ನಾಯಿ ಮೂಲಕ ಮನಿ ಮಂದಿಗೂ ಬರ್ತದ. ಜಂತಿನ ಔಷಧ ತಪ್ಪಿಸಬ್ಯಾಡ್ರಿ. ರೋಹು, ಕಟ್ಲಾ ಹಾಕೋರು ಕುದಿಸಿ ಮುಳ್ಳು ತಗದು ಹಾಕ್ರಿ, ಹಸಿ ಹಾಕಿದ್ರ ಅದರಾಗಿನ ಒಂದು ಎಂಜೈಮ್ ವಿಟಮಿನ್ ಬಿ1 ತಿಂದುಬಿಡ್ತದ.

ಅದೇ ಕಂಪನಿಯೋರು 100 ಎಂಎಲ್ ಕರೀ ಗಾಜಿನ ಬಾಟ್ಲಿಯಾಗ, ಇಪಿಎ ಡಿಎಚ್‌ಎ ಬಿಡಿಸಿ ಬರದು ಕೊಟ್ರ ಚಳಿಗಾಲದಾಗ ಮತ್ತ ತರಸ್ತೀನಿ. ಪಂಪ್ ಬ್ಯಾಡ, ಸಾದಾ ಮುಚ್ಚಳ ಇದ್ರ ಸಾಕು.