ಒಬ್ಬರೇ ಹಾಡುತ್ತಿದ್ದವರು ತಂಡಕ್ಕೆ ಬಂದರೆ: ಟ್ರ್ಯಾಕ್, ಹಾರ್ಮೋನಿಯಂ, ತಂಬೂರಿ – ಯಾವುದರ ಜೊತೆ ಅಭ್ಯಾಸ?

ಶಿರಸಿ, ಕುಮಟಾ, ಕಾರವಾರದ ಕಡೆ ಕರೋಕೆ ಹಾಕಿಕೊಂಡು ಒಬ್ಬರೇ ಚೆನ್ನಾಗಿ ಹಾಡುವವರು ಊರಿಗೊಬ್ಬರಾದರೂ ಸಿಗುತ್ತಾರೆ. ಇವರು ನಾಲ್ಕೈದು ಕಂಠಗಳ ತಂಡಕ್ಕೆ ಬಂದಾಗ ಸ್ವರ ತಪ್ಪುವುದು ಅಪರೂಪ. ತೊಂದರೆ ಬೇರೆ ಕಡೆ ಇರುತ್ತದೆ. ಸ್ವರಕ್ಕೆ ಕೆಳಗಿನಿಂದ ಜಾರಿ ಬರುತ್ತಾರೆ, ಸಾಲಿನ ಕೊನೆಗೆ ದನಿ ಅಲುಗಿಸುತ್ತಾರೆ, ತಾಳಕ್ಕಿಂತ ಕೂದಲೆಳೆ ಹಿಂದೆ ನಿಲ್ಲುತ್ತಾರೆ. ಒಬ್ಬರೇ ಹಾಡುವಾಗ ಅದೇ ಚಂದ. ಪಕ್ಕದವರು ಅದೇ ಅಕ್ಷರವನ್ನು ನೇರವಾಗಿ ಹಿಡಿದು ನಿಂತಿದ್ದರೆ ಎರಡೂ ದನಿ ಕೆಡುತ್ತವೆ. ಇಂಥವರಿಗೆ ಅವರ ಪಾಲಿನ ಸ್ವರಸಾಲು ಕಲಿಸಲು ಶಿರಸಿಯ ಅಭ್ಯಾಸದಲ್ಲಿ ಮೂರು ದಾರಿ ಬಳಸಿ ನೋಡಿದ್ದೇವೆ. ಮೂರೂ ಒಂದೇ ಕೆಲಸ ಮಾಡುವುದಿಲ್ಲ.

ಮೊದಲನೆಯದು ಫೋನಿನ ಟ್ರ್ಯಾಕ್. ಪ್ರತಿಯೊಂದು ಪಾಲನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿ, ಹೊಸಬರ ಪಾಲನ್ನು ಎಡಗಿವಿಗೆ, ಉಳಿದವನ್ನು ಬಲಗಿವಿಗೆ ಹಾಕಿ ಕೊಡುವುದು. ಸ್ವರ ಬಾಯಿಗೆ ಬರಲು ಇದಕ್ಕಿಂತ ಬೇಗದ ದಾರಿ ಇಲ್ಲ. ಸ್ವರ ಕೂತ ಮೇಲೆ ಎಡಗಿವಿಯದನ್ನು ತೆಗೆದು ಬಲಗಿವಿಯದರ ಜೊತೆ ಮಾತ್ರ ಹಾಡಬೇಕು. ವೈರಿನ ಇಯರ್‌ಫೋನೇ ಇರಲಿ. ಬ್ಲೂಟೂತ್‌ನಲ್ಲಿ ದನಿ ಕಿವಿಗೆ ತಡವಾಗಿ ತಲುಪುತ್ತದೆ. ಅದನ್ನು ಕೇಳುತ್ತ ಇನ್ನೊಂದು ಫೋನಿಗೆ ಹಾಡಿ ರೆಕಾರ್ಡ್ ಮಾಡಿದರೆ ಇಡೀ ಸಾಲು ಹಿಂದೆ ಬೀಳುತ್ತದೆ. ಎರಡೂ ಕಿವಿ ಮುಚ್ಚಿಕೊಂಡು ಹಾಡುವುದೂ ಬೇಡ. ಆಗ ತನ್ನ ದನಿ ಹೊರಗೆ ಹೇಗೆ ಕೇಳಿಸುತ್ತಿದೆ ಎಂದು ತಿಳಿಯದೆ, ಗೊತ್ತಿಲ್ಲದೆ ಜೋರಾಗುತ್ತದೆ.

ಟ್ರ್ಯಾಕಿನ ದೊಡ್ಡ ಕೊರತೆ ಎಂದರೆ ಅದು ಯಾರಿಗೂ ಬಗ್ಗುವುದಿಲ್ಲ. ಹೊಸಬರು ಅದಕ್ಕೆ ಹೊಂದಿಕೊಳ್ಳಲು ಕಲಿಯುತ್ತಾರೆಯೇ ಹೊರತು, ಪಕ್ಕದ ಮನುಷ್ಯರಿಗೆ ಹೊಂದಿಕೊಳ್ಳಲು ಕಲಿಯುವುದಿಲ್ಲ. ಕರೋಕೆಯಿಂದ ಬಂದವರಿಗೆ ಮೊದಲೇ ಇದೇ ರೂಢಿ. ಹಾಗಾಗಿ ಮೂರು ನಾಲ್ಕು ದಿನ ಸಾಕು, ಆಮೇಲೆ ಟ್ರ್ಯಾಕ್ ಬಿಡಿಸಿಬಿಡಬೇಕು.

ಹಾರ್ಮೋನಿಯಂ ನಮ್ಮ ಕಡೆ ಭಜನೆ ಇರುವಲ್ಲೆಲ್ಲ ಸಿಗುತ್ತದೆ, ಆದ್ದರಿಂದ ಎಲ್ಲರ ಕೈ ಮೊದಲು ಅಲ್ಲಿಗೇ ಹೋಗುತ್ತದೆ. ಶುರುವಿನ ಸ್ವರ ಕೊಡಲು, ಎಡವಿದ ಒಂದು ಜಾಗವನ್ನು ತೋರಿಸಲು ಒಳ್ಳೆಯದು. ಇಡೀ ಹಾಡಿಗೆ ಒತ್ತಿ ಹಿಡಿದರೆ ಎರಡು ಕಡೆ ಪೆಟ್ಟು. ಅದರ ನಾದ ಕಂಠಕ್ಕೆ ಹತ್ತಿರವಾದ್ದರಿಂದ ಸಣ್ಣ ತಪ್ಪನ್ನೆಲ್ಲ ಮುಚ್ಚಿಹಾಕುತ್ತದೆ. ಹಾರ್ಮೋನಿಯಂ ನಿಲ್ಲಿಸಿದ ಕೂಡಲೇ ತಪ್ಪು ಬಯಲಾಗುತ್ತದೆ. ಎರಡನೆಯದು ಗಾಂಧಾರ. ಹಾರ್ಮೋನಿಯಂ ಸಪ್ತಕವನ್ನು 12 ಸಮಪಾಲು ಮಾಡಿರುತ್ತದೆ. ಆ ಒಂದು ಪಾಲಿನ ನೂರನೇ ಒಂದಂಶಕ್ಕೆ ಸೆಂಟ್ ಎನ್ನುತ್ತಾರೆ. ಪಂಚಮದಲ್ಲಿ ವ್ಯತ್ಯಾಸ 2 ಸೆಂಟ್ ಮಾತ್ರ, ಕಿವಿಗೆ ಗೊತ್ತಾಗದು. ಶುದ್ಧ ಗಾಂಧಾರ (ಕರ್ನಾಟಕ ಸಂಗೀತದ ಅಂತರ ಗಾಂಧಾರ) ಮಾತ್ರ ಇರಬೇಕಾದ್ದಕ್ಕಿಂತ ಸುಮಾರು 14 ಸೆಂಟ್ ಏರಿರುತ್ತದೆ. ಷಡ್ಜ 220 ಹರ್ಟ್ಸ್ ಎಂದಿಟ್ಟುಕೊಳ್ಳಿ. ಕೂಡುವ ಗಾಂಧಾರ 275; ಹಾರ್ಮೋನಿಯಂನದು 277ಕ್ಕಿಂತ ತುಸು ಮೇಲೆ. ಒಂದು ಕಂಠ ಷಡ್ಜದಲ್ಲಿ, ಇನ್ನೊಂದು ಹಾರ್ಮೋನಿಯಂನ ಗಾಂಧಾರದಲ್ಲಿ ನಿಂತರೆ ಎರಡರ ಮೇಲಿನ ಅನುಸ್ವರಗಳು (ಷಡ್ಜದ ಐದರಷ್ಟು, ಗಾಂಧಾರದ ನಾಲ್ಕರಷ್ಟು) ಕೂಡದೆ ಸೆಕೆಂಡಿಗೆ ಎಂಟೊಂಬತ್ತು ಅಲೆ ಕಿವಿಯೊಳಗೆ ಬಡಿಯುತ್ತವೆ. ಎಲ್ಲರೂ ಸರಿಯಾಗೇ ಹಾಡಿದರೂ ಯಾಕೋ ಒರಟು ಅನ್ನಿಸುವುದಕ್ಕೆ ಬಹಳ ಸಲ ಇದೇ ಕಾರಣ.

ಕರಾವಳಿಯಲ್ಲಿ ಇನ್ನೊಂದು ಪಾಡಿದೆ. ಮಳೆಗಾಲದಲ್ಲಿ ಹಾರ್ಮೋನಿಯಂನ ಮರ ಉಬ್ಬಿ ಬೆರಳಿನಿಂದ ಒತ್ತುವ ಮನೆಗಳು ಸಿಕ್ಕಿಕೊಳ್ಳುತ್ತವೆ, ಉಪ್ಪು ಗಾಳಿಗೆ ನಾದ ಹುಟ್ಟಿಸುವ ಹಿತ್ತಾಳೆಯ ಪಟ್ಟಿ, ಅಂದರೆ ರೀಡು, ಕಿಲುಬು ಹಿಡಿದು ಶ್ರುತಿ ಬದಲಾಗುತ್ತದೆ. ಟ್ರ್ಯಾಕಿನ ಶ್ರುತಿಗೂ ಹಾರ್ಮೋನಿಯಂನ ಶ್ರುತಿಗೂ ತಾಳೆಯಾಗುತ್ತದೆಯೇ ಎಂದು ಟ್ಯೂನರ್ ಆ್ಯಪಿನಲ್ಲಿ ಮೊದಲೇ ನೋಡಿಕೊಳ್ಳಿ.

ಮೂರನೆಯದು, ತಂಬೂರಿ ಹಾಕಿಕೊಂಡು ಎದುರುಬದುರು ನಿಲ್ಲುವುದು. ನಿಧಾನದ ದಾರಿ ಇದು, ಆದರೆ ತಂಡದ ದನಿ ಹುಟ್ಟುವುದು ಇಲ್ಲೇ. ಆ್ಯಪಿನ ತಂಬೂರಿ ಆಗುತ್ತದೆ, ಫೋನಿನ ಸ್ಪೀಕರಿನಲ್ಲಿ ಮಾತ್ರ ಬೇಡ. ಅದರಲ್ಲಿ ಮಂದ್ರ ಕೇಳಿಸುವುದೇ ಇಲ್ಲ. ಜುಲೈನಲ್ಲಿ ತಗಡಿನ ಮಾಡಿನ ಕೆಳಗೆ ಅಭ್ಯಾಸವಿದ್ದರಂತೂ ದೊಡ್ಡ ಸ್ಪೀಕರೇ ಬೇಕು. ಅರ್ಧಚಂದ್ರಾಕಾರವಾಗಿ, ಎರಡು ಮೂರು ಅಡಿ ಅಂತರದಲ್ಲಿ ನಿಲ್ಲಿ. ಹೊಸಬರು ಕೊನೆಯಲ್ಲಿ ಬೇಡ, ನಡುವೆ ಇರಲಿ. ಎರಡೂ ಕಿವಿಗೆ ಬೇರೆ ಕಂಠ ಬೀಳಬೇಕು. ಉಳಿದವರು ಷಡ್ಜ ಹಿಡಿಯಲಿ, ಹೊಸಬರು ಮೊದಲು ಪಂಚಮ, ಆಮೇಲೆ ಗಾಂಧಾರ ಹಿಡಿಯಲಿ. ಗಾಂಧಾರವನ್ನು ಮೆಲ್ಲಗೆ ಇಳಿಸುತ್ತ ಬಂದರೆ ಅಲೆ ನಿಧಾನವಾಗಿ, ಒಂದು ಕಡೆ ನಿಂತೇಹೋಗುತ್ತದೆ. ಆ ಜಾಗ ಒಮ್ಮೆ ಸಿಕ್ಕಿದರೆ ಕಿವಿ ಮರೆಯುವುದಿಲ್ಲ. ದನಿ ಅಲುಗಿಸುತ್ತಿದ್ದರೆ ಮಾತ್ರ ಅದು ಎಂದೂ ಸಿಗದು. ಹಾಗಾಗಿ ಅಲುಗುವ ಅಭ್ಯಾಸ ಬಿಡಿ ಎಂದು ಬೇರೆ ಹೇಳಿಕೊಡುವ ಅಗತ್ಯವೇ ಬೀಳುವುದಿಲ್ಲ.

ಅಕ್ಷರ ಕೂಡಿಸುವುದೂ ಇಲ್ಲಿ ಮಾತ್ರ ಸಾಧ್ಯ. 'ಅಮ್ಮ' ಎನ್ನುವ ಒಂದು ಪದವನ್ನು ನಾಲ್ಕು ಮಾತ್ರೆಗೆ ಎಳೆಯಿರಿ. ಒಬ್ಬರು ಎರಡನೆಯ ಮಾತ್ರೆಗೇ ತುಟಿ ಮುಚ್ಚಿ 'ಮ್' ಗುನುಗುತ್ತಾರೆ, ಇನ್ನೊಬ್ಬರು ಕೊನೆಯವರೆಗೂ 'ಅ' ಬಾಯಿ ತೆರೆದೇ ಇರುತ್ತಾರೆ. ಸ್ವರ ಒಂದೇ, ಕೇಳುವವರಿಗೆ ಮಾತ್ರ ಎರಡು ತಂಡ ಹಾಡಿದಂತೆ. ಕನ್ನಡದಲ್ಲಿ ಒತ್ತಕ್ಷರ ಹೆಜ್ಜೆಹೆಜ್ಜೆಗೂ ಇರುವುದರಿಂದ, ತುಟಿ ಯಾವ ಮಾತ್ರೆಗೆ ಮುಚ್ಚಬೇಕೆಂದು ಸಾಹಿತ್ಯದ ಹಾಳೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಮೂರರ ಕೊನೆಗೆ ಮುಚ್ಚಿ, ನಾಲ್ಕಕ್ಕೆ 'ಮ' ಬಿಡುವುದು ನಮಗೆ ಹೆಚ್ಚು ಸಲ ಸರಿಹೋಗಿದೆ.

ಉಸಿರಿನದೂ ಹೀಗೇ. ಒಬ್ಬರೇ ಹಾಡುವವರು ಪದ ಮುಗಿದಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ. ತಂಡದಲ್ಲಿ ಎಲ್ಲರೂ ಅಲ್ಲೇ ತೆಗೆದುಕೊಂಡರೆ ಹಾಡಿಗೆ ತೂತು ಬೀಳುತ್ತದೆ. ಉದ್ದ ಸ್ವರದ ನಡುವೆ ದನಿ ತಗ್ಗಿಸಿ ಬಿಟ್ಟು, ಉಸಿರೆಳೆದು, ತಗ್ಗಿಯೇ ಮತ್ತೆ ಸೇರಿಕೊಳ್ಳಬೇಕು. ಪಕ್ಕದವರು ತೆಗೆದುಕೊಳ್ಳುತ್ತಿರುವಾಗ ತಾನು ತೆಗೆದುಕೊಳ್ಳಬಾರದು. ಇದಕ್ಕೆ ಪಕ್ಕದವರು ಕಣ್ಣಿಗೆ ಕಾಣುತ್ತಿರಬೇಕು, ಟ್ರ್ಯಾಕಿನಲ್ಲಿ ಕಲಿಯಲಾಗದು.

ಹಾಗಾಗಿ ನಮ್ಮ ಆಯ್ಕೆ: ಸ್ವರ ಬಾಯಿಗೆ ಬರುವ ತನಕ ಮನೆಯಲ್ಲಿ ಟ್ರ್ಯಾಕ್, ಆಮೇಲೆಲ್ಲ ತಂಬೂರಿ. ಹಾರ್ಮೋನಿಯಂ ಮುಚ್ಚಿಡಬೇಡಿ, ಆದರೆ ಹಾಡು ಶುರುವಾದ ಮೇಲೆ ಅದರಿಂದ ಕೈ ತೆಗೆಯಿರಿ.

ಮೈಕಿನ ವಿಷಯ ಚಿಕ್ಕದು. ಅಭ್ಯಾಸಕ್ಕೆ, ರೆಕಾರ್ಡಿಂಗಿಗೆ ನಡುವೆ ಒಂದೇ ಕಂಡೆನ್ಸರ್ ಮೈಕ್ (ದೂರದ ಸಣ್ಣ ದನಿಯನ್ನೂ ಹಿಡಿಯುವ ಮೈಕ್) ಒಳ್ಳೆಯದು. ಅದಕ್ಕೆ 48 ವೋಲ್ಟ್ ಕೊಡುವ ಮಿಕ್ಸರ್ ಬೇಕು. ಜೋರು ದನಿಯವರು ಹಿಂದೆ ಸರಿದರೆ ಸಾಕು, ದೂರ ಎರಡರಷ್ಟಾದರೆ 6 ಡೆಸಿಬೆಲ್ ಇಳಿಯುತ್ತದೆ. ಜಾತ್ರೆಯ ಪೆಂಡಾಲಿನಲ್ಲಿ, ಕಾರವಾರದ ಕಡಲ ದಂಡೆಯ ಗಾಳಿಯಲ್ಲಿ ಅದು ನಡೆಯದು. ವಾಲ್ಯೂಮ್ ಏರಿಸುವ ಮೊದಲೇ ಸ್ಪೀಕರಿನ ದನಿ ಮೈಕಿಗೆ ಮರಳಿ ಬಂದು ಕೂಗು (ಫೀಡ್‌ಬ್ಯಾಕ್) ಶುರುವಾಗುತ್ತದೆ. ಅಲ್ಲಿ ಶೂರ್ ಎಸ್‌ಎಂ58 ತರಹದ ಕೈಮೈಕ್ ತಲೆಗೊಂದು. ಎಲ್ಲರೂ ಬಾಯಿಂದ ಎರಡು ಇಂಚಿನಲ್ಲೇ ಹಿಡಿಯಬೇಕು, ಏಕೆಂದರೆ ಹತ್ತಿರ ಹಿಡಿದಷ್ಟೂ ಮಂದ್ರ ಉಬ್ಬುತ್ತದೆ, ಒಬ್ಬೊಬ್ಬರು ಒಂದೊಂದು ದೂರದಲ್ಲಿ ಹಿಡಿದರೆ ದನಿ ಬೇರೆಬೇರೆ ಕೇಳಿಸುತ್ತದೆ. ತಾರಸ್ಥಾಯಿಗೆ ಹೋದಾಗ ಮೈಕ್ ದೂರ ಒಯ್ಯುವ ಹಳೆಯ ರೂಢಿಯನ್ನು ಒಂಟಿ ಗಾಯಕರು ಬಿಡಲೇಬೇಕು. ಧ್ವನಿವರ್ಧಕದವರು ಅದೇ ಹೊತ್ತಿಗೆ ಅವರ ದನಿ ಇಳಿಸಿದರೆ ಆ ಪಾಲು ಪೂರ್ತಿ ಕಾಣೆಯಾಗುತ್ತದೆ. ಹಾಡದಿರುವವರ ಮೈಕ್ ಬಂದ್ ಇಡಲು ಧ್ವನಿವರ್ಧಕದವರಿಗೆ ಮೊದಲೇ ಹೇಳಿಡಿ: ತೆರೆದ ಮೈಕ್ ಒಂದಿದ್ದದ್ದು ನಾಲ್ಕಾದರೆ ಕೂಗಿಲ್ಲದೆ ಏರಿಸಬಹುದಾದ ಮಟ್ಟ 6 ಡೆಸಿಬೆಲ್ ತಗ್ಗುತ್ತದೆ.