ಕಾಸರಕೋಡು ಬೀಚ್: ಕಲಬುರಗಿಯಿಂದ ಹೋಗುವವರಿಗೆ

ಕಲಬುರಗಿ, ಬೀದರ್ ಕಡೆಯ ಟೂರ್ ಗಾಡಿಗಳು ಗೋಕರ್ಣ ಮುಗಿಸಿ ಮುರುಡೇಶ್ವರಕ್ಕೆ ಓಡುವ ಅವಸರದಲ್ಲಿ ಹೊನ್ನಾವರದ ಕಾಸರಕೋಡು ಇಕೋ ಬೀಚಿಗೆ ಅರ್ಧ ಗಂಟೆ ಕೊಟ್ಟರೆ ಹೆಚ್ಚು. ದೇವರ ದರ್ಶನದ ಜೊತೆಗೆ ಸಮುದ್ರವನ್ನೂ ಮನಸ್ಸು ತುಂಬ ನೋಡಬೇಕು ಅನ್ನುವವರು ಇಳಿಯಬೇಕಾದದ್ದು ಇಲ್ಲಿಯೇ. 2020ರಲ್ಲಿ ಉಡುಪಿ ಜಿಲ್ಲೆಯ ಪಡುಬಿದ್ರಿ ಬೀಚಿನ ಜೊತೆ ಇದಕ್ಕೂ ಬ್ಲೂ ಫ್ಲ್ಯಾಗ್, ಅಂದರೆ ಶುಚಿಯಾದ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಆ ಬಾವುಟ ಹಾರಬೇಕಾದರೆ ನೀರಿನ ಶುದ್ಧತೆ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಲೈಫ್‌ಗಾರ್ಡ್ ಸೇರಿ 33 ಅಂಶಗಳನ್ನು ನೋಡುತ್ತಾರೆ. ಮನೆಯ ಹೆಣ್ಣುಮಕ್ಕಳನ್ನು, ವಯಸ್ಸಾದವರನ್ನು ಕರೆದೊಯ್ಯುವವರಿಗೆ ಇದು ಸಣ್ಣ ಮಾತಲ್ಲ. ಒದ್ದೆ ಸೀರೆಯಲ್ಲೇ ಗಾಡಿ ಹತ್ತುವ ಪಾಡು ತಪ್ಪುತ್ತದೆ.

ತೊಗರಿ ರಾಶಿ ಮುಗಿಸಿ ಜನವರಿ, ಫೆಬ್ರುವರಿಯಲ್ಲಿ ಹೋಗಿ. ನಮ್ಮ 42 ಡಿಗ್ರಿ ಬಿಸಿಲು ತಪ್ಪಿಸಿಕೊಳ್ಳಲು ಮೇನಲ್ಲಿ ಹೋದವರಿಗೆ ನಿರಾಸೆ ಖಂಡಿತ. ಅಲ್ಲಿ 33–34 ಡಿಗ್ರಿಯೇ ಇದ್ದರೂ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗಿಳಿಯುವ ಮಾತೇ ಬೇಡ.

ಕಡಲ ನೀರು ದಡದತ್ತ ಏರುವುದು ಭರತ, ಹಿಂದೆ ಸರಿಯುವುದು ಇಳಿತ. ಒಂದು ಭರತದಿಂದ ಇನ್ನೊಂದು ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ನೀರು ಆರು ಗಂಟೆಗಿಂತ ತುಸು ಹೆಚ್ಚು ಹೊತ್ತು ಇಳಿಯುತ್ತದೆ, ಅಷ್ಟೇ ಹೊತ್ತು ಏರುತ್ತದೆ; ಮರುದಿನ ಸುಮಾರು 50 ನಿಮಿಷ ತಡ. ಆ ದಿನದ ವೇಳೆಯನ್ನು ಮೀನುಗಾರರನ್ನೋ ಲೈಫ್‌ಗಾರ್ಡ್‌ಗಳನ್ನೋ ಕೇಳಿಕೊಂಡು, ಒಂದು ಇಳಿತ ಮುಗಿದು ನೀರು ಮತ್ತೆ ಏರಿ ಬರುವವರೆಗೆ ಕೂರಿ. ಭೀಮೆ ಬತ್ತಿದರೆ ಮುಂದಿನ ಮಳೆಗಾಲದವರೆಗೆ ಕಾಯುವವರು ನಾವು. ಹೋದ ನೀರು ಅದೇ ದಿನ ಕಾಲ ಬುಡಕ್ಕೆ ಮರಳಿ ಬರುವುದನ್ನು ಕಣ್ಣಾರೆ ಕಂಡಾಗ ಎದೆಯ ಭಾರ ಇಳಿಯುತ್ತದೆ. ಅರ್ಧ ಗಂಟೆಯಲ್ಲಿ ಇದು ಸಿಗುವುದಿಲ್ಲ. ಇಳಿತದ ಹೊತ್ತಿಗೆ ಒದ್ದೆ ಮರಳು ಗಟ್ಟಿಯಾಗಿರುತ್ತದೆ; ಮೊಣಕಾಲು ನೋವಿನವರು ಅಲ್ಲಿ ನಡೆಯಲಿ. ಮೇಲಿನ ಒಣ ಮರಳಲ್ಲಿ ಹೆಜ್ಜೆ ಹೂತು ಬೇಗ ದಣಿವಾಗುತ್ತದೆ. ನಡುಮಧ್ಯಾಹ್ನ ನೆರಳು ಬೇಕೆಂದರೆ ಗಾಳಿಮರಗಳ ಕೆಳಗೆ ಮಾತ್ರ.

ಬಾವಿಯಲ್ಲಿ ಈಜು ಕಲಿತವರು ಒಂದು ಮಾತು ಕೇಳಿ. ಎರಡೂ ಬದಿ ಅಲೆ ಒಡೆಯುತ್ತಿದ್ದು ನಡುವೆ ಶಾಂತವಾಗಿ, ತುಸು ಕಪ್ಪಗೆ ಕಾಣುವ ಪಟ್ಟಿ ಇದ್ದರೆ ಅದೇ ಅಪಾಯದ ಜಾಗ. ಅಲೆಗಳು ದಡಕ್ಕೆ ತಂದ ನೀರೆಲ್ಲ ಆ ದಾರಿಯಲ್ಲೇ ರಭಸದಿಂದ ಒಳಕ್ಕೆ ಹೋಗುತ್ತದೆ. ಸಿಕ್ಕಿಕೊಂಡರೆ ದಡದತ್ತ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಅಡ್ಡ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ಅಲೆಯ ಜೊತೆ ದಡ ಸೇರಿ. ಗುರುತು ಹಾಕಿದ ಜಾಗ ಬಿಟ್ಟು ಸೊಂಟದ ಮಟ್ಟಕ್ಕಿಂತ ಆಳಕ್ಕೆ ಹೋಗಲೇಬೇಡಿ.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ. ಆದರೆ ಬಟ್ಟೆಯಲ್ಲಿ ಕಟ್ಟಿದರೆ ಕಡಲ ಗಾಳಿಯ ತೇವ ಹೀರಿ ರೊಟ್ಟಿ ಮೆತ್ತಗಾಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯೇ ಬೇಕು, ಒಂದು ಹೊತ್ತಿಗೆ ಬೇಕಾದಷ್ಟನ್ನೇ ಹೊರಗೆ ತೆಗೆಯಿರಿ.

ಕಲಬುರಗಿಯಿಂದ ರಾತ್ರಿ ಬಸ್ಸಿಗೆ ಹುಬ್ಬಳ್ಳಿ, ಅಲ್ಲಿಂದ ಯಲ್ಲಾಪುರ, ಅಂಕೋಲಾ ಮೇಲೆ ಹೊನ್ನಾವರ. ಅರಬೈಲ್ ಘಟ್ಟದ ತಿರುವಿನಲ್ಲಿ ಬಯಲುಸೀಮೆಯ ಮಕ್ಕಳಿಗೆ ವಾಂತಿಯಾಗುವುದುಂಟು. ಹುಬ್ಬಳ್ಳಿಯಲ್ಲಿ ಹೊಟ್ಟೆ ತುಂಬ ತಿನ್ನಿಸಬೇಡಿ, ಮುಂದಿನ ಸೀಟಿನಲ್ಲಿ ಕೂರಿಸಿ. ತಲುಪುವ ದಿನ ದಣಿವಿನಲ್ಲೇ ಕಳೆಯುತ್ತದೆ. ಅದನ್ನು ಲೆಕ್ಕಕ್ಕಿಡದೆ, ಹೊನ್ನಾವರದಲ್ಲಿ ಎರಡು ರಾತ್ರಿಗೆ ರೂಮು ಹಿಡಿಯಿರಿ.