ತುಮಕೂರಿನಲ್ಲಿ ಸಿಕ್ಕ ‘ಜೋಲೀನ್’ ರೆಕಾರ್ಡು

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಹಳೆಯ ರೇಡಿಯೊಗಳನ್ನು ರಿಪೇರಿ ಮಾಡಿ ಮಾರುವ ಅಂಗಡಿಯೊಂದರಲ್ಲಿ ಅಮೆರಿಕದ ಗ್ರಾಮೀಣ ಸೊಗಡಿನ ‘ಕಂಟ್ರಿ’ ಸಂಗೀತದ ಗಾಯಕಿ ಡಾಲಿ ಪಾರ್ಟನ್ ಅವರ ‘ಜೋಲೀನ್’ ಹಾಡಿನ ಏಳು ಇಂಚಿನ ಅಮೆರಿಕನ್ ರೆಕಾರ್ಡು ದೊರೆಯಿತು. ಅಂಚಿನಲ್ಲಿ ಕೂದಲೆಳೆಯಂಥ ಗೀರುಗಳಿದ್ದರೂ ಮುಳ್ಳು ಎಲ್ಲಿಯೂ ಜಿಗಿಯುವುದಿಲ್ಲ. ಬೆಲೆ ಮಾತ್ರ ತುಸು ಹೆಚ್ಚೇ.

1973ರಲ್ಲಿ ಬಿಡುಗಡೆಯಾದ ಈ ಹಾಡು 1974ರ ಫೆಬ್ರವರಿಯಲ್ಲಿ ಬಿಲ್‌ಬೋರ್ಡ್ ಎಂಬ ಅಮೆರಿಕನ್ ಸಂಗೀತ ಪತ್ರಿಕೆಯ ಜನಪ್ರಿಯ ಕಂಟ್ರಿ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತಾದರೂ, ಎಲ್ಲ ಬಗೆಯ ಸಂಗೀತವೂ ಪೈಪೋಟಿ ನಡೆಸುವ ಹಾಟ್ 100 ಪಟ್ಟಿಯಲ್ಲಿ 60ರಿಂದ ಮೇಲಕ್ಕೆ ಹೋಗಲಿಲ್ಲ. ಬ್ರಿಟನ್ನಿನಲ್ಲಿ ಅದು 7ನೆಯ ಸ್ಥಾನ ತಲುಪಿದ್ದು 1976ರಲ್ಲಿ. ಇಂದು ಕಂಟ್ರಿ ಸಂಗೀತದ ಗಂಧಗಾಳಿ ಇಲ್ಲದವರಿಗೂ ಈ ಹಾಡು ಪರಿಚಿತವಾಗಿರುವುದನ್ನು ನೋಡಿದರೆ, ಪಟ್ಟಿಯ ಅಂಕಿಗಳನ್ನು ಅತಿಯಾಗಿ ನೆಚ್ಚಬಾರದೆಂದೇ ನನಗನ್ನಿಸುತ್ತದೆ.

ತನ್ನ ಗಂಡನ್ನು ಕಸಿದುಕೊಳ್ಳಬಲ್ಲ ಜೋಲೀನ್ ಎಂಬ ಚೆಲುವೆಯನ್ನು ಇಲ್ಲಿನ ಹೆಣ್ಣು ಶಪಿಸುವುದಿಲ್ಲ, ಅಂಗಲಾಚುತ್ತಾಳೆ. ಆಕೆಯ ಹೆಸರನ್ನು ಪಲ್ಲವಿಯಲ್ಲಿ ಮತ್ತೆ ಮತ್ತೆ ಕೂಗುವಾಗ, ಹಿಂದೆ ಬೆರಳುಗಳಿಂದ ಮೀಟಿದ ಗಿಟಾರ್ ಒಂದು ಕ್ಷಣವೂ ಉಸಿರು ಬಿಡದೆ ಓಡುತ್ತದೆ. ಮೂರು ನಿಮಿಷಕ್ಕೂ ಕಡಿಮೆ ಅವಧಿಯ ಈ ಹಾಡಿನಲ್ಲಿ ಒಂದು ಸಾಲೂ ವ್ಯರ್ಥವಲ್ಲ.

ಅಂಗಡಿಯವರು ಇದನ್ನು ನಿಮಿಷಕ್ಕೆ 45 ಸುತ್ತಿನ ಬದಲು 33 ಸುತ್ತಿನ ವೇಗದಲ್ಲಿ ಹಾಕಿ ತೋರಿಸಿದಾಗ, ಗಾಯಕಿಯ ಕಂಠ ದುಃಖತಪ್ತ ಗಂಡಸಿನದಾಗಿ ಕೇಳಿಸಿತು. ಅದೂ ಸೊಗಸಾಗಿಯೇ ಇತ್ತು. ರೆಕಾರ್ಡಿನ ನಡುವಿನ ತೂತು ದೊಡ್ಡದಾದ್ದರಿಂದ, ಕೊಳ್ಳುವವರು ಆ ತೂತಿಗೆ ಕೂರಿಸುವ ಅಡಾಪ್ಟರ್ ಬಿಲ್ಲೆಯನ್ನೂ ಕೇಳಿ ಪಡೆಯಬೇಕು.